ಅಮೆರಿಕದಲ್ಲಿ ಮನೆ ವಿಮೆ: ಸಹಿ ಹಾಕುವ ಮುನ್ನ ನೋಡಬೇಕಾದದ್ದು

ಇಲ್ಲಿ ಸಾಲ ಮಾಡಿ ಮನೆ ಕೊಳ್ಳುವಾಗ ಇನ್ಶೂರೆನ್ಸ್ ಎಂಬ ಹೆಸರಿನ ಮೂರು ಖರ್ಚುಗಳು ಒಟ್ಟಿಗೇ ಎದುರಾಗುತ್ತವೆ. ಹೊಸಬರಿಗೆ ಗೊಂದಲ ಶುರುವಾಗುವುದೇ ಇಲ್ಲಿ. ಡೌನ್ ಪೇಮೆಂಟ್ ಶೇ. 20ಕ್ಕಿಂತ ಕಡಿಮೆ ಇದ್ದರೆ ಸಾಮಾನ್ಯವಾಗಿ ಪಿಎಂಐ ಬೀಳುತ್ತದೆ, ಅಂದರೆ ನೀವು ಸಾಲ ತೀರಿಸದಿದ್ದರೆ ಬ್ಯಾಂಕಿನ ನಷ್ಟ ತುಂಬುವ ವಿಮೆ. ಕಂತು ನಿಮ್ಮದು, ರಕ್ಷಣೆ ಬ್ಯಾಂಕಿನದು. ಸಾಲ ಮನೆಯ ಮೂಲ ಬೆಲೆಯ ಶೇ. 80ಕ್ಕೆ ಇಳಿದ ಕೂಡಲೇ ಅದನ್ನು ತೆಗೆಯಿರೆಂದು ಬರೆದುಕೊಡಿ; ಸುಮ್ಮನಿದ್ದರೆ ಶೇ. 78ರವರೆಗೂ ಕಟ್ಟುತ್ತಿರುತ್ತೀರಿ. ಟೈಟಲ್ ಇನ್ಶೂರೆನ್ಸ್ ಒಡೆತನದ ತಕರಾರಿಗೆ. ಬ್ಯಾಂಕ್ ಕೇಳುವ ಲೆಂಡರ್ಸ್ ಪಾಲಿಸಿ ನಿಮ್ಮನ್ನು ಕಾಯುವುದಿಲ್ಲ, ಓನರ್ಸ್ ಪಾಲಿಸಿಯನ್ನು ಬೇರೆಯಾಗಿ ಕೇಳಿ ಪಡೆಯಿರಿ.

ಬೆಂಕಿ, ಗಾಳಿ, ಕಳವಿಗೆ ಬರುವುದು ಮೂರನೆಯದಾದ ಮನೆ ವಿಮೆ: ಬಿಡಿ ಮನೆಗೆ ಎಚ್‌ಒ-3 ಎಂಬ ಪಾಲಿಸಿ, ಕಾಂಡೋಗೆ (ಸ್ವಂತ ಫ್ಲ್ಯಾಟ್‌ಗೆ) ಎಚ್‌ಒ-6. ಬಾಡಿಗೆಗೆ ಇರುವವರು ಎಚ್‌ಒ-4 ಮಾಡಿಸಿಕೊಳ್ಳುವುದು ಒಳ್ಳೆಯದು. ಮಾಲೀಕರ ವಿಮೆ ಕಟ್ಟಡಕ್ಕೆ, ನಿಮ್ಮ ಲ್ಯಾಪ್‌ಟಾಪಿಗಾಗಲಿ ಪಾತ್ರೆಪಗಡಿಗಾಗಲಿ ಅಲ್ಲ.

ಎಚ್‌ಒ-3ರ ಮೊದಲ ಪುಟದಲ್ಲಿ ಕವರೇಜ್ 'ಎ' ಎಂಬ ಮೊತ್ತ ಇರುತ್ತದೆ. ಅದು ಕೊಂಡ ಬೆಲೆಯಲ್ಲ, ಮನೆಯನ್ನು ಮತ್ತೆ ಕಟ್ಟಲು ತಗಲುವ ಖರ್ಚು. ಜಾಗದ ಬೆಲೆ ಇದರಲ್ಲಿ ಸೇರದು. ಪ್ರೀಮಿಯಂ ಉಳಿಸಲು ಇದನ್ನು ಇಳಿಸಬೇಡಿ. ಮತ್ತೆ ಕಟ್ಟಲು 4 ಲಕ್ಷ ಡಾಲರ್ ಬೇಕಿದ್ದರೆ ಅದರ ಶೇ. 80, ಅಂದರೆ 3.2 ಲಕ್ಷಕ್ಕಾದರೂ ವಿಮೆ ಇರಬೇಕು. 2.4 ಲಕ್ಷಕ್ಕೆ, ಅಂದರೆ ಇರಬೇಕಾದುದರ ಮುಕ್ಕಾಲು ಪಾಲಿಗೆ ಮಾತ್ರ ಮಾಡಿಸಿದ್ದರೆ ಪರಿಹಾರವೂ ಮುಕ್ಕಾಲಿಗೆ ಇಳಿಯಬಹುದು: ಅಡುಗೆಮನೆಗೆ ಬೆಂಕಿ ಬಿದ್ದು 40,000 ನಷ್ಟವಾದಾಗ ಕೈಗೆ ಬರುವುದು 30,000ದ ಆಸುಪಾಸು, ಅದರಲ್ಲೂ ಡಿಡಕ್ಟಬಲ್ (ನಷ್ಟದಲ್ಲಿ ನೀವೇ ಭರಿಸಬೇಕಾದ ಪಾಲು) ಕಳೆದು. ಟೆಕ್ಸಾಸ್‌ನಂಥ ಆಲಿಕಲ್ಲಿನ ಸೀಮೆಯಲ್ಲಿ ಗಾಳಿ, ಆಲಿಕಲ್ಲಿನ ನಷ್ಟಕ್ಕೆ ಡಿಡಕ್ಟಬಲ್ ಕವರೇಜ್ 'ಎ'ಯ ಶೇಕಡಾ ಲೆಕ್ಕದಲ್ಲಿರುವುದು ಹೆಚ್ಚು. ಶೇ. 2 ಎಂದರೆ 4 ಲಕ್ಷಕ್ಕೆ 8,000 ಡಾಲರ್, ಅಷ್ಟೂ ನಿಮ್ಮ ಜೇಬಿನಿಂದ. ಹಳೆಯ ಛಾವಣಿಗೆ ಸವಕಳಿ ಕಳೆದು ಕೊಡುತ್ತಾರೋ, ಹೊಸದರ ಪೂರ್ತಿ ಬೆಲೆ ಕೊಡುತ್ತಾರೋ ಎಂಬುದನ್ನೂ ಕೇಳಿ.

ನೀರಿನ ವಿಷಯದಲ್ಲಿ ಎಲ್ಲಿಂದ ಬಂತು ಎಂಬುದೇ ಮುಖ್ಯ. ಪೈಪ್ ತಟ್ಟನೆ ಒಡೆದರೆ ಹಣ ಬರುತ್ತದೆ. ತಿಂಗಳುಗಟ್ಟಲೆ ಜಿನುಗಿ ಗೋಡೆ ಕೊಳೆತರೆ ಬರುವುದಿಲ್ಲ. ಚರಂಡಿ ನೀರು ಹಿಂದಕ್ಕೆ ಉಕ್ಕಿದರೆ ಅದಕ್ಕೆಂದೇ ಎಂಡಾರ್ಸ್‌ಮೆಂಟ್ (ಪಾಲಿಸಿಗೆ ಹಚ್ಚುವ ಹೆಚ್ಚುವರಿ ರಕ್ಷಣೆ) ಸೇರಿಸಿರಬೇಕು. ನೆರೆಗೆ ಪ್ರತ್ಯೇಕ ಪಾಲಿಸಿ ಬೇಕು: ಫೆಡರಲ್ ಯೋಜನೆಯಾದ ಎನ್‌ಎಫ್‌ಐಪಿಯಲ್ಲಿ ಮನೆಗೆ ಗರಿಷ್ಠ 2.5 ಲಕ್ಷ, ಸಾಮಾನಿಗೆ 1 ಲಕ್ಷ ಡಾಲರ್. ಸಾಮಾನ್ಯವಾಗಿ ಅದು ಜಾರಿಯಾಗಲು 30 ದಿನ ಕಾಯಬೇಕು, ಚಂಡಮಾರುತದ ಸುದ್ದಿ ಬಂದ ಮೇಲೆ ಓಡಿದರೆ ಕೆಲಸಕ್ಕೆ ಬಾರದು. ಭೂಕಂಪವೂ ಎಚ್‌ಒ-3ರ ಹೊರಗೇ.

ನಮ್ಮವರು ಹೆಚ್ಚು ಕಳೆದುಕೊಳ್ಳಬಹುದಾದದ್ದು ಚಿನ್ನದಲ್ಲಿ. ಎಷ್ಟೇ ಒಡವೆ ಹೋಗಲಿ, ಕಳವಿಗೆ ಸಾಮಾನ್ಯ ಪಾಲಿಸಿಯ ಮಿತಿ ಸುಮಾರು 1,500 ಡಾಲರ್. ಅಜ್ಜಿಯ ಅವಲಕ್ಕಿ ಸರ, ಮದುವೆಯ ಬಳೆಗಳನ್ನು ಒಂದೊಂದಾಗಿ ಹೆಸರಿಸಿ 'ಶೆಡ್ಯೂಲ್' ಮಾಡಿಸಿ, ಅಂದರೆ ಪಾಲಿಸಿಯಲ್ಲಿ ಬೇರೆಯಾಗಿ ನಮೂದಿಸಿ. ಊರಿನ ರಸೀದಿ ಹಳೆಯದಾಗಿದ್ದರೆ ಇಲ್ಲಿನ ಜೆಮಾಲಜಿಸ್ಟ್‌ನಿಂದ (ರತ್ನ, ಒಡವೆ ಪರೀಕ್ಷಿಸುವವರಿಂದ) ಡಾಲರ್ ಬೆಲೆ ಬರೆಸಿ, ಫೋಟೋ ತೆಗೆದು ಮನೆಯ ಹೊರಗೆ ಎಲ್ಲಾದರೂ ಪ್ರತಿ ಇಡಿ.

ಚಳಿಗಾಲದಲ್ಲಿ ಐದಾರು ವಾರ ಊರಿಗೆ ಹೋಗುವವರು ಏಜೆಂಟರಿಗೆ ಮೊದಲೇ ಹೇಳಿ. ಮನೆ ಬಹಳ ದಿನ ಖಾಲಿ ಬಿದ್ದರೆ ಕೆಲವು ನಷ್ಟಗಳಿಗೆ ಹಣ ಸಿಗದು. ಹೀಟಿಂಗ್ ಆರಿಸಿ ಹೋದಾಗ ಪೈಪ್ ಹೆಪ್ಪುಗಟ್ಟಿ ಒಡೆದರೂ ಕ್ಲೇಮ್ ತಿರಸ್ಕರಿಸಬಹುದು. ಥರ್ಮೋಸ್ಟಾಟ್ 55 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕೆಳಗಿಳಿಸದೆ ಮುಖ್ಯ ವಾಲ್ವ್ ಮುಚ್ಚಿ, ನಲ್ಲಿಗಳನ್ನು ತೆರೆದು ಪೈಪಿನ ನೀರು ಬಸಿದು ಹೊರಡಿ.