ತಕ್ಕಡಿ ಪಕ್ಕ ಇಬ್ಬರನ್ನು ನಿಲ್ಲಿಸಿದೆ, ಜಗಳ ನಿಂತಿತು

ಮೂಡಿಗೆರೆ ಕಡೆ ನಮ್ಮದೊಂದು ಸಣ್ಣ ಕಾಫಿ ತೋಟ, ರೋಬಸ್ಟಾ ತಳಿಯೇ ಜಾಸ್ತಿ. ಕೊಯ್ಲು ಬಂತೆಂದರೆ ಅಸ್ಸಾಮಿನಿಂದ ಬಂದ ಆಳುಗಳಿಗೂ ನಮ್ಮೂರ ಆಳುಗಳಿಗೂ ಜಗಳ. ನಾನು ಬಗೆಹರಿಸುತ್ತೇನೆ ಅಂದಾಗ ಅಕ್ಕಪಕ್ಕದ ತೋಟದವರು ನಕ್ಕಿದ್ದರು. ಹೋದ ಸೀಸನ್ನಿನಲ್ಲಿ ಒಂದು ಸಲವೂ ಪೊಲೀಸ್ ಸ್ಟೇಷನ್ ಮೆಟ್ಟಿಲು ಹತ್ತಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಊರ ಹಿರಿಯರನ್ನು ಕೂರಿಸಿ ಪಂಚಾಯ್ತಿ ಮಾಡಿಸಿದ್ದೆ. ಕೋಳಿ ಸಾರು, ಜೀಪು, ಅದೂ ಇದೂ ಸೇರಿ 12 ಸಾವಿರ ಕೈಬಿಟ್ಟಿತು. ನಮ್ಮವರು ಎರಡು ಗಂಟೆ ಮಾತಾಡಿದರು, ಅಸ್ಸಾಮಿನವರು ಸುಮ್ನೆ ತಲೆಯಾಡಿಸಿದರು, ಬೆಳಗ್ಗೆ ನೋಡಿದರೆ ಆಳುಗಳಿರುವ ಲೈನ್ ಮನೆಯಲ್ಲಿ ಅವರ 11 ಜನ ಇಲ್ಲ! ಸುಮಾರು 40 ಸಾವಿರ ಅಡ್ವಾನ್ಸು ಗೋತಾ. ಆಮೇಲೆ ಗೊತ್ತಾಯಿತು, ಅವರು ತಮ್ಮೊಳಗೆ ಆಡುವುದು ಸಾದ್ರಿ ಅನ್ನುವ ಭಾಷೆ, ಹಿಂದಿ ಅರ್ಧಂಬರ್ಧ. ನಡುವೆ ನಿಂತು ಹೇಳಿದ ಮೇಸ್ತ್ರಿ ತನಗೆ ಬೇಕಾದ್ದನ್ನು ಮಾತ್ರ ಹೇಳಿದ್ದ.

ಜಗಳದ ಬೇರು ಇದ್ದದ್ದು ತೂಕದಲ್ಲಿ. ನಮ್ಮವರಿಗೆ ದಿನಗೂಲಿ, ಅವರಿಗೆ ಕೆಜಿ ಲೆಕ್ಕ. ಕೆಜಿ ಆಸೆಗೆ ರೆಂಬೆ ಸವರಿ ಹಸಿರು ಕಾಯಿಯನ್ನೂ ಚೀಲಕ್ಕೆ ತುಂಬುತ್ತಾರೆ ಅಂತ ನಮ್ಮ ಹೆಂಗಸರ ಸಿಟ್ಟು. ಚೀಲದ ತೂಕ ಅಂತ ಮೇಸ್ತ್ರಿ 2 ಕೆಜಿ ಕಳೆಯುತ್ತಿದ್ದ, ಅದು ಊರವರ ಕೈವಾಡ ಅಂತ ಅವರ ಅನುಮಾನ. ಖಾಲಿ ಚೀಲ ಎಲ್ಲರೆದುರು ತೂಗಿಸಿದೆ. ಮುಕ್ಕಾಲು ಕೆಜಿ ಬಂತು. ಒಂದು ನಿಮಿಷ ಯಾರೂ ಮಾತಾಡಲಿಲ್ಲ, ಮೇಸ್ತ್ರಿ ಬೀಡಿ ಹುಡುಕುತ್ತಾ ಆಚೆ ಹೋದ.

ಅವತ್ತಿನಿಂದ ಸಂಜೆ ತೂಕದ ಹೊತ್ತಿಗೆ ಊರಿನ ಒಬ್ಬ ಹೆಂಗಸು, ಅಸ್ಸಾಮಿನ ಒಬ್ಬ ಹುಡುಗ ಅಕ್ಕಪಕ್ಕ ನಿಲ್ಲುತ್ತಾರೆ. ಇಬ್ಬರೂ ತೂಕವನ್ನು ಅವರವರ ಭಾಷೆಯಲ್ಲಿ ಕೂಗಿ ಹೇಳಬೇಕು, ಅವರವರ ಪುಸ್ತಕದಲ್ಲಿ ಬರೆಯಬೇಕು. ತೂಗುವ ಮುಂಚೆ ಹಣ್ಣನ್ನು ಟಾರ್ಪಾಲಿಗೆ ಸುರಿದು ಹಸಿರು ಕಾಯಿ ಆರಿಸಿ ತೆಗೆಯುತ್ತಾರೆ. ನಮ್ಮವರನ್ನೂ ಕೆಜಿ ಲೆಕ್ಕಕ್ಕೆ ತಂದು, ಎಲ್ಲರಿಗೂ ಕೆಜಿಗೆ 50 ಪೈಸೆ ಏರಿಸಿದೆ. ಹೆಚ್ಚುಕಮ್ಮಿ 18 ಟನ್ ಹಣ್ಣಿಗೆ 9 ಸಾವಿರ ಆಯಿತು. ಪಂಚಾಯ್ತಿಗಿಂತ ಅಗ್ಗ, ಅಲ್ವಾ? ಆ ಇಬ್ಬರನ್ನು ಹೇಗೆ ಆರಿಸಿದೆ ಅನ್ನೋದು ಮಾತ್ರ ನನ್ನ ಹತ್ತಿರವೇ ಇರಲಿ. ನಕ್ಕವರೂ ಇದನ್ನು ಓದುತ್ತಾರೆ.

ನಡುವೆ ಇನ್ನೊಂದು ಪ್ರಯೋಗ. ಸ್ನೇಹ ಬೆಳೆಯಲಿ ಅಂತ ಅಸ್ಸಾಮಿನವರಿಗೆ ನಮ್ಮ ಬೇಯಿಸಿ ಒಣಗಿಸಿದ ಕೆಂಪಡಿಕೆ ಕೊಟ್ಟೆ, ಥೂ ಅಂತ ಉಗುಳಿದರು. ಅವರಿಗೆ ಹಸಿ ಅಡಿಕೆಯೇ ಆಗಬೇಕು. ತೂಕಕ್ಕೆ ನಿಲ್ಲುವ ಅಕ್ಕನ ಹಿತ್ತಲಲ್ಲಿ ನಾಲ್ಕು ಅಡಿಕೆ ಮರ ಇತ್ತು. ಈಗ ಸಂಜೆ ಪುಸ್ತಕದ ಜೊತೆ ಬುಟ್ಟಿಯನ್ನೂ ತರುತ್ತಾಳೆ, ಒಂದಕ್ಕೆ 2 ರೂಪಾಯಿ, ಸಾಲ ಇಲ್ಲ. ಲೈನ್ ಮನೆ ನಲ್ಲಿಯ ಜಗಳ ಮಾತ್ರ ಇನ್ನೂ ಹಾಗೇ ಇದೆ.