ಅಜ್ಜನ ಮಳೆಲೆಕ್ಕ, ಒಮಾನಿನ ಮನೆಶಾಲೆ: ನನ್ನ ಅನುಭವ

ಶಿರಸಿ ಹತ್ತಿರದ ಹಳ್ಳಿ ನಮ್ಮದು. 2018ರಲ್ಲಿ ಒಮಾನಿಗೆ ಹೊರಟಾಗ ಮಗಳಿಗೆ ಎಂಟು ವರ್ಷ, ಮಗನಿಗೆ ಐದು. ನಮ್ಮನೆಯವರದ್ದು ಪೈಪ್‌ಲೈನ್ ಕೆಲಸ. ಆರೇಳು ತಿಂಗಳು ದುಕಮ್, ಆಮೇಲೆ ಸೂರ್, ತಿರುಗಿ ದುಕಮ್; ಎರಡೂ ಒಮಾನಿನ ಪೂರ್ವ ಕರಾವಳಿಯ ಊರುಗಳು. ಹೀಗೆ ಗಂಟುಮೂಟೆ ಕಟ್ಟುತ್ತಲೇ ಇರುವವರು ಮಕ್ಕಳನ್ನು ಯಾವ ಶಾಲೆಗೆ ಸೇರಿಸೋದು? ಮಕ್ಕಳನ್ನ ಊರಲ್ಲೇ ಬಿಟ್ಟು ಹೋಗಿ ಅಂದವರೇ ಜಾಸ್ತಿ. ನನಗೆ ಮನಸ್ಸು ಬರಲಿಲ್ಲ. ಮನೆಯಲ್ಲೇ ಕಲಿಸೋಣ ಅಂತ ಕೂತೆ. (ಎಲ್ಲ ದೇಶದಲ್ಲೂ ಹೀಗೆ ಮಾಡಲು ಬರೋದಿಲ್ಲ. ಜರ್ಮನಿಯಲ್ಲಿ ಮಕ್ಕಳು ಶಾಲೆಗೆ ಹೋಗಲೇಬೇಕು ಅಂತ ಕಾನೂನೇ ಇದೆ. ಹೊರಡುವ ಮೊದಲು ಅಲ್ಲಿನ ನಿಯಮ ವಿಚಾರಿಸಿಕೊಳ್ಳಿ.)

ಮೊದಲ ಎರಡು ತಿಂಗಳು ನಾನು ಮಾಡಿದ್ದು ಬರೀ ತಪ್ಪು. ಬಿಳಿ ಬೋರ್ಡ್ ತಂದೆ. ಒಂಬತ್ತರಿಂದ ಮೂರರವರೆಗೆ ವೇಳಾಪಟ್ಟಿ ಬರೆದು ಗೋಡೆಗೆ ಅಂಟಿಸಿದೆ. ಪಿರಿಯಡ್ ಮುಗಿದರೆ ಮೊಬೈಲಲ್ಲಿ ಗಂಟೆ ಬೇರೆ! ಮಗ ಮಂಚದ ಕೆಳಗೆ ಸೇರಿಕೊಂಡು ಹೊರಗೆ ಬರುತ್ತಿರಲಿಲ್ಲ. ಮಗಳು ಒಂದು ದಿನ ಪುಸ್ತಕ ಮುಚ್ಚಿಟ್ಟು ಹೇಳಿದಳು: “ಆಯಿ, ಪಾಠ ಮಾಡಕಾದ್ರೆ ನಿನ್ನ ದನಿನೇ ಬೇರೆ ಆಗ್ತು. ಯಂಗೆ ಆ ಆಯಿ ಬ್ಯಾಡ.”

ಅವತ್ತೇ ವೇಳಾಪಟ್ಟಿ ಹರಿದೆ. ಬೆಳಿಗ್ಗೆ ಎರಡೂವರೆ ತಾಸು ಮಾತ್ರ ಪಾಠ. ಗಣಿತ ದಿನಾ, ಉಳಿದದ್ದು ದಿನಕ್ಕೊಂದು. ನಲವತ್ತು ಮಕ್ಕಳ ತರಗತಿಯಲ್ಲಿ ಹಾಜರಿ, ಗಲಾಟೆ, ಕಾಯುವುದಕ್ಕೇ ಎಷ್ಟೋ ಹೊತ್ತು ಹೋಗುತ್ತದೆ. ಇಬ್ಬರೇ ಇದ್ದಾಗ ಅಷ್ಟು ತಾಸು ಬೇಡವೇ ಬೇಡ. ಎನ್‌ಸಿಇಆರ್‌ಟಿ ಪುಸ್ತಕಗಳೂ ಕರ್ನಾಟಕ ಪಠ್ಯಪುಸ್ತಕ ಸಂಘದ ಕನ್ನಡ ಪುಸ್ತಕಗಳೂ ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತವೆ. ಹಣ ಖರ್ಚಾದದ್ದು ಪ್ರಿಂಟರಿನ ಇಂಕಿಗೆ.

ನಿಜವಾದ ಪಾಠ ಶುರುವಾದದ್ದು ಮಾವನ ಮಳೆಮಾಪಕದಿಂದ. ನಮ್ಮ ಕಡೆ ಅಡಿಕೆ ತೋಟದವರಿಗೆ ಮಳೆ ಲೆಕ್ಕ ಇಡುವ ಹುಚ್ಚು ಗೊತ್ತಲ್ವಾ? ಮಾವ ದಿನಾ ಬೆಳಿಗ್ಗೆ ಎಂಟೂವರೆಗೆ ಅಳೆದು ಪಟ್ಟಿಯಲ್ಲಿ ಬರೆಯುತ್ತಾರೆ. ಒಮಾನ್ ನಮಗಿಂತ ಒಂದೂವರೆ ತಾಸು ಹಿಂದೆ. ಹಾಗಾಗಿ ಮಗ ಏಳಕ್ಕೆ ಎದ್ದು ಫೋನ್ ಮಾಡಿದರೆ ಅಜ್ಜ ಮಳೆಮಾಪಕ ಕೈಯಲ್ಲಿ ಹಿಡಿದು ಅಂಗಳದಲ್ಲಿ ನಿಂತಿರುತ್ತಿದ್ದರು. ರೇಖಾಂಶ ಅಂದರೇನು ಅಂತ ನಾನು ಹೇಳಿದ್ದು ಆಮೇಲೆ. ಏಳಕ್ಕೆ ಎಂಟೂವರೆ ಅನ್ನೋದು ಅವನಿಗೆ ಅಷ್ಟರಲ್ಲೇ ಬಾಯಿಪಾಠ.

ಒಂದು ಜುಲೈ ಬೆಳಿಗ್ಗೆ ಅಜ್ಜ “127” ಅಂದರು. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ಮಳೆ ಅಂದರೆ ಸರಿಯಾಗಿ ಒಂದು ಲೀಟರ್ ನೀರು. ನೂರು ಚದರ ಮೀಟರ್ ಅಂಗಳ ಅಂತ ಹಿಡಿದು ಮಗ ಗುಣಿಸಿದ: 12,700 ಲೀಟರ್, ಒಂದೇ ದಿನಕ್ಕೆ. ಸಮುದ್ರದ ಉಪ್ಪುನೀರನ್ನು ಸಿಹಿ ಮಾಡಿ ಕುಡಿಯುವ ಊರಲ್ಲಿ ಕೂತು ಈ ಲೆಕ್ಕ ಮಾಡಿದವನು ಅವತ್ತು ಹಲ್ಲುಜ್ಜುವಾಗ ನಲ್ಲಿ ನಿಲ್ಲಿಸಿದ. ನಾನು ಹೇಳಿದ್ದಕ್ಕಲ್ಲ. ಆಗ ದುಕಮ್‌ನಲ್ಲಿ ಜೋರು ಗಾಳಿ, ಧೂಳು, ಒಂದು ಹನಿ ಮಳೆ ಇಲ್ಲ. ಅದೇ ನೈಋತ್ಯದ ಗಾಳಿ ಅರಬ್ಬಿ ಸಮುದ್ರ ದಾಟಿ ಬಂದು ಘಟ್ಟಕ್ಕೆ ಬಡಿದು ಅಜ್ಜನ ಅಂಗಳದಲ್ಲಿ ಸುರಿಯುತ್ತದೆ ಅಂತ ನಕ್ಷೆಯಲ್ಲಿ ಬೆರಳಿಟ್ಟು ತೋರಿಸಿದೆ.

ಮಗಳದ್ದು ಇನ್ನೊಂದು ಕತೆ. ಕಾರವಾರದ ಕಡಲತೀರದಲ್ಲಿ ಸೂರ್ಯ ಮುಳುಗುವುದನ್ನು ನೋಡಿದವಳು. ದುಕಮ್‌ನಲ್ಲಿ ಸೂರ್ಯ ಸಮುದ್ರದಿಂದ ಏಳುತ್ತಾನೆ. “ಸಮುದ್ರ ಅಂದ್ರೆ ಪಶ್ಚಿಮ ಅಲ್ದಾ?” ಅಂತ ವಾರಗಟ್ಟಲೆ ಜಗಳ. ಕೊನೆಗೆ ಒಂದೇ ಹಾಳೆಯಲ್ಲಿ ಒಂದೇ ಸಮುದ್ರ ಬರೆದು ಬಲಕ್ಕೆ ಕಾರವಾರ, ಎಡಕ್ಕೆ ದುಕಮ್ ಇಟ್ಟಳು. ಆಮೇಲೆ ದಿಕ್ಕಿನ ಪಾಠ ಮಾಡುವ ಕೆಲಸವೇ ಬೀಳಲಿಲ್ಲ.

ಕನ್ನಡ ಮಾತ್ರ ಕಷ್ಟವಾಯಿತು. ಮನೆಯಲ್ಲಿ ಹವ್ಯಕ ಕನ್ನಡ ಮಾತಾಡುತ್ತಾರೆ, ಓದು ತೆವಳುತ್ತದೆ. ಪಠ್ಯಪುಸ್ತಕ ಹಿಡಿದರೆ ಆಕಳಿಕೆ. ಆಗ ಅತ್ತೆ ಕೈಬರಹದಲ್ಲಿ ಕಾಗದ ಬರೆದು ಫೋಟೋ ಕಳಿಸಲು ಶುರುಮಾಡಿದರು. ದನ ಕರು ಹಾಕಿದ್ದು, ಒಂದೆಲಗದ ತಂಬುಳಿ ಮಾಡಿದ್ದು, ಮಂಗ ಬಾಳೆಗೊನೆ ಕಿತ್ತದ್ದು. ಮಗಳು ಉತ್ತರ ಬರೆದಳು: “ಪ್ರೀತಿಯ ಅಜಿ...” ಅಜ್ಜಿಯ ಮರುಟಪಾಲು ಒಂದೇ ಸಾಲು: “ಯನ್ನ ಒತ್ತು ಎಲ್ಲಿ ಹೋತು?” ಅವಳು ನಕ್ಕೂ ನಕ್ಕೂ ಒತ್ತಕ್ಷರ ಕಲಿತಳು.

ಸೋತ ಕಡೆಗಳೂ ಇವೆ. ಭಿನ್ನರಾಶಿ ಹೇಳಿಕೊಡಲು ನನಗೇ ತಾಳ್ಮೆ ಸಾಲಲಿಲ್ಲ, ಆನ್‌ಲೈನ್ ಟೀಚರ್ ಇಟ್ಟೆ. ಊರು ಬದಲಿಸಿದಾಗೆಲ್ಲ ಮಗನ ಗೆಳೆಯರು ಹಿಂದೆ ಉಳಿದರು. ಅದಕ್ಕೆ ನನ್ನ ಹತ್ತಿರ ಔಷಧ ಇರಲಿಲ್ಲ.

ಒಂದು ಕೆಲಸ ಮಾತ್ರ ತಪ್ಪಿಸಲಿಲ್ಲ. ತಿಂಗಳಿಗೊಮ್ಮೆ ಇಬ್ಬರ ಬರಹ, ಲೆಕ್ಕ, ಚಿತ್ರಗಳಿಗೆ ತಾರೀಕು ಹಾಕಿ ಫೈಲಿಗೆ ಸೇರಿಸುತ್ತಿದ್ದೆ. 2023ರಲ್ಲಿ ಶಿರಸಿಗೆ ವಾಪಸ್ಸಾದಾಗ ಅದೇ ಕೈಹಿಡಿಯಿತು. ಮೊದಲು ಹೋದ ಶಾಲೆಯಲ್ಲಿ “ಟಿಸಿ ಇಲ್ದೆ ಆಗೂದಿಲ್ಲ” ಅಂದರು. ಇಲ್ಲದ ಟಿಸಿ ಎಲ್ಲಿಂದ ತರಲಿ? 2009ರ ಶಿಕ್ಷಣ ಹಕ್ಕು ಕಾಯ್ದೆಯ 4ನೇ ಕಲಂ ಪ್ರಕಾರ, ಶಾಲೆಗೆ ಸೇರದೇ ಇದ್ದ ಆರು ವರ್ಷ ದಾಟಿದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು. ಅದರ ಪ್ರತಿ, ಜನನ ಪ್ರಮಾಣಪತ್ರ, ಆ ದಪ್ಪ ಫೈಲು ಹಿಡಿದು ಇನ್ನೊಂದು ಶಾಲೆಗೆ ಹೋದೆ. ಅಲ್ಲಿನ ಹೆಡ್‌ಮಾಸ್ತರರು ಫೈಲಿನಲ್ಲಿದ್ದ ಮಳೆಯ ಗ್ರಾಫನ್ನೇ ಹತ್ತು ನಿಮಿಷ ನೋಡಿದರು. ಮಗಳು ಎಂಟಕ್ಕೆ, ಮಗ ಐದಕ್ಕೆ ಸೇರಿದರು.

ಅದೂ ಆಗದಿದ್ದರೆ ಮನೆಯಲ್ಲೇ ಓದಿ ಪರೀಕ್ಷೆ ಬರೆಯುವ ಕೇಂದ್ರ ಸರ್ಕಾರದ ಎನ್‌ಐಒಎಸ್ ಮುಕ್ತ ಶಾಲೆ ಇದ್ದೇ ಇತ್ತು. ಹದಿನಾಲ್ಕು ತುಂಬಿದರೆ ಹತ್ತನೇ ಮಟ್ಟಕ್ಕೆ ಹೆಸರು ಹಚ್ಚಬಹುದು, ಕನ್ನಡವನ್ನೂ ಒಂದು ವಿಷಯವಾಗಿ ತಗೊಳ್ಳಬಹುದು, ವರ್ಷಕ್ಕೆ ಎರಡು ಸಲ ಪರೀಕ್ಷೆ.

ಊರಿಗೆ ಬಂದ ಮಳೆಗಾಲದಲ್ಲಿ ಮಾವ ಮಳೆಮಾಪಕವನ್ನು ಮೊಮ್ಮಗನ ಕೈಗೇ ಕೊಟ್ಟರು. ಆದರೆ ಎಂಟೂಕಾಲಿಗೇ ಶಾಲೆ ವ್ಯಾನ್ ಬರುತ್ತದೆ. ಹಾಗಾಗಿ ಅಳೆಯುವ ಕೆಲಸ ಮತ್ತೆ ಅಜ್ಜನದ್ದೇ. ಇವನು ಸಂಜೆ ಬಂದು ಚೀಲ ಎಸೆದು, ಮೊದಲು ಪಟ್ಟಿ ನೋಡುತ್ತಾನೆ.