ಮುಂದಿನ ಪುಟ್ಟ ಚಕ್ರ ಯಾಕೆ ಬಂತು: ಒಂದು ಗೂಡ್ಸ್ ಇಂಜಿನ್ ಕಟ್ಟಿದ ಅನುಭವ

ಒಂದೂವರೆ ವರ್ಷದಿಂದ ರಜಾ ದಿನಗಳಲ್ಲಿ ನಾನು ಒಂದೇ ಇಂಜಿನ್ ಹಿಡಿದು ಕೂತಿದ್ದೇನೆ. ಇಂಗ್ಲೆಂಡಿನ ಲಂಡನ್ ಅಂಡ್ ನಾರ್ತ್ ವೆಸ್ಟರ್ನ್ ರೈಲ್ವೆಯ ‘ಬಿ’ ಕ್ಲಾಸ್ ಗೂಡ್ಸ್ ಇಂಜಿನ್. ಆ ರೈಲ್ವೆಯ ಮುಖ್ಯ ಎಂಜಿನಿಯರ್ ಫ್ರಾನ್ಸಿಸ್ ವೆಬ್ ವಿನ್ಯಾಸ ಮಾಡಿದ್ದು, ಕ್ರೂ ಕಾರ್ಖಾನೆಯಲ್ಲಿ 1901ರಿಂದ 1904ರವರೆಗೆ 170 ಕಟ್ಟಿದರು. ನನ್ನದು ಓ ಗೇಜ್ ಮಾಡೆಲ್. ಅಲ್ಲಿ ಒಂದು ಅಡಿ ಅಂದರೆ ಇಲ್ಲಿ 7 ಮಿಲಿಮೀಟರ್. ಅಸಲಿನ 4 ಅಡಿ 5½ ಇಂಚಿನ ಚಕ್ರ ನನ್ನ ಮೇಜಿನ ಮೇಲೆ 31 ಮಿಲಿಮೀಟರ್ ಚಿಲ್ಲರೆ.

ಇದು 0-8-0. ಮುಂದೆ ಪುಟ್ಟ ಚಕ್ರ ಇಲ್ಲ, ಹಿಂದೆಯೂ ಇಲ್ಲ, ಎಂಟೂ ಚಕ್ರ ರಾಡ್‌ನಿಂದ ಜೋಡಿಸಿದವು. ಇಂಜಿನ್ನಿನ ಅಷ್ಟೂ ಭಾರ ಎಳೆಯುವ ಚಕ್ರಗಳ ಮೇಲೇ ಬೀಳುತ್ತದೆ, ಹಾಗಾಗಿ ಹಳಿಯ ಮೇಲೆ ಹಿಡಿತ ಜಾಸ್ತಿ. ನಿಧಾನಕ್ಕೆ ಕಲ್ಲಿದ್ದಲು ಎಳೆಯುವುದಕ್ಕೆ ಇದಕ್ಕಿಂತ ಸರಳ ದಾರಿ ಇಲ್ಲ ಅಂತ ನಾನೂ ಅಂದುಕೊಂಡಿದ್ದೆ.

ಫ್ರೇಮ್ ಹಿತ್ತಾಳೆ ತಗಡಿನಿಂದ ಕೊಯ್ದೆ. ಎರಡು ತಗಡನ್ನು ಒಟ್ಟಿಗೆ ಬೆಸುಗೆ ಹಾಕಿ ಒಂದೇ ಸಲ ತೂತು ಕೊರೆದರೆ ಎಡ ಬಲ ಒಂದೇ ಸಮ ಬರುತ್ತವೆ, ಇದನ್ನು ಮಾತ್ರ ಯಾರೂ ತಪ್ಪಿಸಬೇಡಿ. ಕಪ್ಲಿಂಗ್ ರಾಡ್‌ಗೂ ಅದೇ ಅಳತೆ ಹಿಡಿದೆ. ಅಲ್ಲಿಯವರೆಗೆ ತೊಂದರೆ ಇರಲಿಲ್ಲ.

ತೊಂದರೆ ಶುರುವಾಗಿದ್ದು ಸಿಲಿಂಡರ್‌ನಲ್ಲಿ. ವೆಬ್ ಅವರಿಗೆ ಕಾಂಪೌಂಡ್ ಇಂಜಿನ್ ಅಂದರೆ ತುಂಬಾ ನಂಬಿಕೆ. ಆವಿ ಮೊದಲು ಸಣ್ಣ ಸಿಲಿಂಡರ್‌ನಲ್ಲಿ ಕೆಲಸ ಮಾಡಿ, ಆಮೇಲೆ ಅದೇ ಆವಿ ದೊಡ್ಡ ಸಿಲಿಂಡರ್‌ಗೆ ಹೋಗಿ ಇನ್ನೊಮ್ಮೆ ಕೆಲಸ ಮಾಡುತ್ತದೆ. ‘ಬಿ’ ಕ್ಲಾಸ್‌ನಲ್ಲಿ ಫ್ರೇಮಿನ ಹೊರಗೆ 15 ಇಂಚು ವ್ಯಾಸದವು ಎರಡು, ಒಳಗೆ 20½ ಇಂಚಿನವು ಎರಡು. ನಾಲ್ಕೂ ಒಂದೇ ಸಾಲಿನಲ್ಲಿ, ಹೊಗೆಪೆಟ್ಟಿಗೆಯ ಕೆಳಗೆ, ಮುಂದಿನ ಚಕ್ರಕ್ಕಿಂತ ಮುಂದೆ. ನಾನು ಅದನ್ನು ಹಾಗೆಯೇ ಗಟ್ಟಿ ಹಿತ್ತಾಳೆಯಲ್ಲಿ ಮಾಡಿದೆ. ಹಳಿಗೆ ಇಟ್ಟರೆ ಇಂಜಿನ್ ಮೂಗು ಕೆಳಗೆ ಮಾಡಿ ನಿಂತಿತು! ಪ್ರತಿ ಆಕ್ಸಲ್ ಅನ್ನೂ ಅಡುಗೆಮನೆಯ ತಕ್ಕಡಿಯ ಮೇಲೆ ಇಟ್ಟು ತೂಗಿದೆ, ಮುಂದಿನದರ ಮೇಲೆ ಹಿಂದಿನದರ ಎರಡರಷ್ಟು ಭಾರ. ಹಳಿಯ ಜಾಯಿಂಟ್ ಬಂದಾಗ ಹಿಂದಿನ ಚಕ್ರ ಎಗರಿ ಹಳಿ ತಪ್ಪುತ್ತಿತ್ತು.

ಮೊದಲು ಹಿಂದೆ ಸೀಸ ತುಂಬಿ ನೋಡಿದೆ. ಸಮ ಆಯಿತು ನಿಜ, ಆದರೆ ಅಸಲಿ ಇಂಜಿನ್‌ಗೆ ಅದನ್ನು ಮಾಡೋಕೆ ಆಗುತ್ತಾ? ಹಳಿ, ಸೇತುವೆ ಎಲ್ಲಾ ಆ ಭಾರ ತಡೆಯಬೇಕಲ್ವಾ. ಆಗಲೇ ನನಗೆ ಕ್ರೂನವರ ಕೆಲಸ ಸರಿಯಾಗಿ ಅರ್ಥವಾಗಿದ್ದು. ವೆಬ್ ನಂತರ ಬಂದ ಜಾರ್ಜ್ ವೇಲ್ 1904ರಿಂದ ಇವುಗಳಲ್ಲಿ ಕೆಲವಕ್ಕೆ ಮುಂದೆ ಎರಡು ಪುಟ್ಟ ಚಕ್ರದ ಪೋನಿ ಟ್ರಕ್ ಸೇರಿಸಿ 2-8-0 ಮಾಡಿಸಿದರು. ಮುಂದೆ ಚಾಚಿಕೊಂಡ ಭಾರಕ್ಕೆ ಒಂದು ಊರುಗೋಲು ಕೊಟ್ಟ ಹಾಗೆ.

ನಾನೂ ಸೀಸ ತೆಗೆದು ಫ್ರೇಮ್ ಮುಂದಕ್ಕೆ ಉದ್ದ ಮಾಡಿ ಪೋನಿ ಹಾಕಿದೆ. ಮೊದಲ ಸಲ ಸ್ಪ್ರಿಂಗ್ ಇಲ್ಲದೆ ಸುಮ್ನೆ ನೇತು ಹಾಕಿದ್ದೆ, ಅದು ಏನೂ ಭಾರ ಹೊರಲಿಲ್ಲ. ಆಮೇಲೆ ಗಟ್ಟಿ ಸ್ಪ್ರಿಂಗ್ ಹಾಕಿದೆ, ಈಗ ಅದು ಮೊದಲ ಜೋಡಿ ಚಕ್ರವನ್ನೇ ಎತ್ತಿಬಿಟ್ಟಿತು, ಹತ್ತು ವ್ಯಾಗನ್ ಕೊಟ್ಟರೆ ಚಕ್ರ ನಿಂತಲ್ಲೇ ತಿರುಗತೊಡಗಿತು. ಪೋನಿ ಹೊರುವ ಪ್ರತಿ ಗ್ರಾಂ ಹಿಡಿತದಿಂದ ಕಳೆಯುತ್ತದೆ. ಐದು ಸಲ ಸ್ಪ್ರಿಂಗ್ ತಂತಿ ಬದಲಾಯಿಸಿದ ಮೇಲೆ, ಮೂಗು ಸಮ ನಿಲ್ಲುವಷ್ಟು ಮಾತ್ರ ಒತ್ತುವ ತೆಳು ತಂತಿ ಸಿಕ್ಕಿತು.

ಇದಾದ ಮೇಲೆ ಗ್ರೇಟ್ ವೆಸ್ಟರ್ನ್ ರೈಲ್ವೆಯ ಸ್ವಿಂಡನ್ ಕಾರ್ಖಾನೆಯ ಎಂಜಿನಿಯರ್ ಚರ್ಚ್‌ವರ್ಡ್ ಮೇಲೆ ನನ್ನ ಗೌರವ ಇನ್ನೂ ಹೆಚ್ಚಾಯಿತು. 1903ರಲ್ಲಿ ಅವರ 97ನೇ ನಂಬರ್ ಬಂತು, ಬ್ರಿಟನ್ನಿನ ಮೊದಲ 2-8-0. ಹೊರಗೆ ಎರಡೇ ಸಿಲಿಂಡರ್, ಸ್ಟ್ರೋಕ್ (ಪಿಸ್ಟನ್ ಓಡುವ ದೂರ) 30 ಇಂಚು. ಪೋನಿ ಚಕ್ರವನ್ನು ಆಮೇಲೆ ಅಂಟಿಸಿದ್ದಲ್ಲ, ಮೊದಲ ದಿನದಿಂದಲೇ ಲೆಕ್ಕದಲ್ಲಿತ್ತು. ಗ್ರೇಟ್ ಸೆಂಟ್ರಲ್ ರೈಲ್ವೆಯ ಎಂಜಿನಿಯರ್ ರಾಬಿನ್ಸನ್ ಕೂಡ 1902ರ ತಮ್ಮ 0-8-0 ಬಿಟ್ಟು 1911ರಲ್ಲಿ 2-8-0ಗೆ ಹೋದರು. ಬಾಯ್ಲರ್ ದೊಡ್ಡದಾಗಿತ್ತು, ಆವಿಯನ್ನು ಇನ್ನಷ್ಟು ಕಾಯಿಸುವ ಸೂಪರ್‌ಹೀಟರ್ ಬಂದಿತ್ತು, ಮುಂದಿನ ಭಾರ ಹೊರೋಕೆ ಯಾರಾದರೂ ಬೇಕಿತ್ತು. ಅದೇ ವಿನ್ಯಾಸವನ್ನು ಮೊದಲ ಮಹಾಯುದ್ಧದಲ್ಲಿ ಸೈನ್ಯಕ್ಕಾಗಿ 500ಕ್ಕೂ ಹೆಚ್ಚು ಕಟ್ಟಿದರು.

ಆದರೆ ಕ್ರೂ ಹಿಡಿದ ದಾರಿ ಬೇರೆ. ಅವರು ಕಾಂಪೌಂಡ್ ಬಿಟ್ಟು, ಹೊರಗಿನ ಸಿಲಿಂಡರ್ ತೆಗೆದು, ಒಳಗೆ ಎರಡೇ ಇಟ್ಟುಕೊಂಡರು. ಮೂಗಿನ ಭಾರ ಇಳಿಯಿತು. ಪೋನಿ ಹಾಕಿದ್ದವುಗಳಲ್ಲೂ ಕೆಲವು ಮುಂದೆ ಮತ್ತೆ 0-8-0 ಆದವು. ಅವರ 1921ರ ‘ಜಿ2’ ಕ್ಲಾಸ್ ಕೂಡ 0-8-0ನೇ. ಅದರಲ್ಲಿ ಒಂದು, 49395, ಈಗಲೂ ಬ್ರಿಟನ್ನಿನ ರಾಷ್ಟ್ರೀಯ ಸಂಗ್ರಹದಲ್ಲಿದೆ.

ನನ್ನ ಮುಂದಿನ ಕೆಲಸ ಆ ‘ಜಿ2’. ಚಕ್ರಗಳ ನಡುವಿನ ಅಳತೆ ಒಂದೇ ಆದ್ದರಿಂದ ರಾಡ್ ಕೊರೆಯುವ ಜಿಗ್ (ತೂತಿನ ಜಾಗ ಹಿಡಿದುಕೊಡುವ ಅಚ್ಚು) ಹಾಗೇ ಎತ್ತಿಟ್ಟಿದ್ದೇನೆ. ಈ ಸಲ ಸಿಲಿಂಡರ್ ಮಾತ್ರ ಟೊಳ್ಳಾಗಿ ಮಾಡುತ್ತೇನೆ.